ಮೃಗಕ್ಕೆ ಪಾಪವುಂಟೋ?

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಕಾಡಂಚಿನ ಗ್ರಾಮಗಳಲ್ಲಿ ಹುಲಿಯ ಹೆಸರನ್ನೆತ್ತುವಾಗ ಅದರ ಹಿಂದೆ ಕ್ರೂರವೆಂಬ ಮಾತನ್ನು ಸೇರಿಸುವದು ವಾಡಿಕೆಯಾಗಿದೆ. ಜಿಂಕೆಯನ್ನು ಸಾಧುವೆಂದೂ, ನರಿಯನ್ನು ಕಪಟಿಯೆಂದೂ ಕರೆಯುವ ನಾವು ಸೀಳುನಾಯಿಗೆ ಕೊಲೆಪಾತಕನೆಂದು ಹೆಸರಿಟ್ಟಿರುವೆವು. ಮಾತು ಬರೀ ಮಾತಾಗಿಯೇ ಇದ್ದರೆ ಅದರಿಂದ ಹೆಚ್ಚಿನ ಕೇಡಿಲ್ಲ. ಆದರೆ ಒಂದು ಜೀವಿಯನ್ನು ಅಪರಾಧಿಯೆಂದು ಕರೆದ ಮೇಲೆ ಅದನ್ನು ದಂಡಿಸುವದು ನ್ಯಾಯವೆಂದು ಮನಸ್ಸು ಹೇಳತೊಡಗುವದು. ಕೋಪವು ನ್ಯಾಯದ ಅಂಗಿಯನ್ನು ತೊಟ್ಟುಕೊಂಡರೆ ಅದನ್ನು ತಡೆಯುವವರು ಯಾರು? ಆದಕಾರಣ ಕೊಂದು ತಿನ್ನುವ ಮೃಗಕ್ಕೆ ಪಾಪವುಂಟೋ, ಇಲ್ಲವಾದರೆ ಅದರಿಂದ ನಷ್ಟಪಟ್ಟವನು ಏನು ಮಾಡತಕ್ಕದ್ದು ಎಂಬ ಎರಡು ಪ್ರಶ್ನೆಗಳನ್ನು ಪ್ರಿಯ ವಾಚಕರೊಡನೆ ಶಾಂತವಾಗಿ ವಿಚಾರಿಸಬೇಕೆಂದಿದ್ದೇವೆ.

ಇದು ಪಂಡಿತರ ಕಾಲಹರಣದ ಪ್ರಶ್ನೆಯೆಂದು ಯಾರೂ ನೆನಸಬಾರದು. 2025ನೆಯ ಇಸವಿ ಜೂನ್ ತಿಂಗಳ ಕೊನೆಯಲ್ಲಿ ನಮ್ಮ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ, ಹೂಗ್ಯಂ ವಲಯದಲ್ಲಿ, ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ವಿಷ ಬೆರೆತಿದ್ದ ಹಸುವಿನ ಮಾಂಸವನ್ನು ತಿಂದು ಅವು ಸತ್ತವೆಂದು ಗೊತ್ತಾಯಿತು. ಹುಲಿಯು ಹಸುವನ್ನು ಕೊಂದದ್ದರಿಂದ ಹುಟ್ಟಿದ ಕೋಪವೇ ಇದಕ್ಕೆ ಕಾರಣವೆಂದು ತನಿಖೆಯವರು ತಿಳಿಸಿದರು. ಹುಲಿಯನ್ನು ಮಾದಪ್ಪನ ವಾಹನವೆಂದು ಜನರು ಹಾಡುತ್ತಾ ನಡೆದುಹೋಗುವ ಸೀಮೆಯಲ್ಲಿಯೇ ಇದು ನಡೆಯಿತು. ಹಸುವನ್ನು ಕಳೆದುಕೊಂಡವನ ದುಃಖವನ್ನು ನಾವು ಬಲ್ಲೆವು. ಬಡವನ ಮನೆಯಲ್ಲಿ ಹಸುವೆಂದರೆ ಮಕ್ಕಳ ಹಾಲು, ಹೊಲದ ಗೊಬ್ಬರ, ಕಷ್ಟಕಾಲದ ಗಂಟು. ಆದರೂ ಆ ಐದು ಹೆಣಗಳನ್ನು ನೆನಸಿದರೆ ಮನಸ್ಸಿಗೆ ಸಮಾಧಾನವಾಗುವದಿಲ್ಲ. ಯಾಕೆ ಆಗುವದಿಲ್ಲವೆಂಬದನ್ನು ತಿಳಿಯಬೇಕಾದರೆ ಮೊದಲು ಮೃಗಗಳ ಬಾಳನ್ನು ಸ್ವಲ್ಪ ನೋಡಬೇಕು.

ನೋಡುವದಕ್ಕೆ ನಮಗೆ ದೂರ ಹೋಗಬೇಕಾಗಿಲ್ಲ. ಗುಂಡ್ಲುಪೇಟೆಯ ದಕ್ಷಿಣಕ್ಕೆ ಬಂಡೀಪುರದ ಅರಣ್ಯವಿದೆ. 1931ರಲ್ಲಿ ಮೈಸೂರು ಮಹಾರಾಜರ ಸರಕಾರವು ಅಲ್ಲಿ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ಮೃಗಗಳ ರಕ್ಷಣೆಗೆಂದು ಬಿಟ್ಟಿತು. ಹತ್ತು ವರ್ಷಗಳ ಮೇಲೆ ಅದನ್ನು ವಿಸ್ತರಿಸಿ ವೇಣುಗೋಪಾಲ ವನ್ಯಮೃಗ ಉದ್ಯಾನವೆಂದು ಕರೆದರು. 1973ರಲ್ಲಿ ದೇಶದ ಮೊದಲ ಹುಲಿ ರಕ್ಷಿತಾರಣ್ಯಗಳಲ್ಲಿ ಅದೂ ಒಂದಾಯಿತು. ಚಾಮರಾಜನಗರದ ಪೂರ್ವಕ್ಕಿರುವ ಬಿಳಿಗಿರಿರಂಗನ ಬೆಟ್ಟಕ್ಕೆ 2011ರಲ್ಲಿ ಅದೇ ಪದವಿ ದೊರೆಯಿತು. ಹೀಗೆ ಒಂದೇ ಜಿಲ್ಲೆಯವರಾದ ನಮಗೆ ಎರಡು ಹುಲಿಕಾಡುಗಳು ನೆರೆಯಾಗಿವೆ.

ಹುಲಿಯ ಶರೀರವನ್ನು ಕುರಿತು ಯೋಚಿಸಿರಿ. ಅದರ ಮೈಬಣ್ಣವು ನಮ್ಮ ಕಣ್ಣಿಗೆ ಬೆಂಕಿಯಂತೆ ಹೊಳೆಯುವದು. ಇಂಥ ಬಣ್ಣವನ್ನು ಹೊತ್ತ ಪ್ರಾಣಿ ಹಸುರು ಕಾಡಿನಲ್ಲಿ ಹೇಗೆ ಅಡಗೀತೆಂದು ಆಶ್ಚರ್ಯಪಡುವೆವು. ಆದರೆ ಜಿಂಕೆಯ ಕಣ್ಣಿಗೆ ಕೆಂಪಿಗೂ ಹಸುರಿಗೂ ಭೇದ ತೋರುವದಿಲ್ಲ. ನಮಗೆ ಕಿತ್ತಳೆಯಾಗಿ ಕಾಣುವದು ಅದಕ್ಕೆ ಹುಲ್ಲಿನ ಬಣ್ಣವೇ. ಕಪ್ಪು ಪಟ್ಟೆಗಳು ಹುಲ್ಲಿನ ನೆರಳುಗಳೇ. ಹುಲಿಯ ಉಗುರುಗಳು ನಡೆಯುವಾಗ ಒಳಗೆ ಸರಿದುಕೊಂಡು, ಹಿಡಿಯುವಾಗ ಮಾತ್ರ ಹೊರಬರುವವು. ಆದ್ದರಿಂದ ಅದರ ಹೆಜ್ಜೆಗೆ ಸದ್ದಿಲ್ಲ, ಉಗುರಿಗೆ ಸವೆತವೂ ಇಲ್ಲ. ಅದರ ದವಡೆಹಲ್ಲುಗಳು ಕತ್ತರಿಯಂತಿವೆ. ಕಾಳನ್ನಾಗಲಿ ಹುಲ್ಲನ್ನಾಗಲಿ ಅರೆಯಲಾರವು. ಒಂದು ಹುಲಿಯು ಬದುಕಬೇಕಾದರೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕೆಂದು ಬಲ್ಲವರು ಲೆಕ್ಕಹಾಕಿದ್ದಾರೆ. ಮರಿಗಳುಳ್ಳ ತಾಯಿಗೆ ಇನ್ನೂ ಹೆಚ್ಚು. ಬೇರೆ ಆಹಾರವನ್ನು ತಿಂದು ಬದುಕುವ ದಾರಿಯೇ ಅದಕ್ಕಿಲ್ಲ.

ಇನ್ನು ಸೀಳುನಾಯಿಯ ವಿಷಯ. ಬೆಕ್ಕಿನ ಜಾತಿಯ ಮೃಗಗಳಂತೆ ಗಂಟಲನ್ನು ಹಿಡಿದು ಉಸಿರುಕಟ್ಟಿಸುವ ಬಲ ಅದಕ್ಕಿಲ್ಲ. ಒಂದೊಂದು ನಾಯಿಯ ತೂಕ ಸುಮಾರು 15 ಕಿಲೋ. ಅದು ಹಿಡಿಯುವ ಕಡವೆಯೋ ಅದರ ಹತ್ತರಷ್ಟು. ಆದ್ದರಿಂದ ಅವು ಹಿಂಡಾಗಿ ಓಡಿಸಿ, ಪ್ರಾಣ ಹೋಗುವದಕ್ಕೆ ಮುಂಚೆಯೇ ಹೊಟ್ಟೆಯನ್ನು ಸೀಳಿ ತಿನ್ನತೊಡಗುವವು. ಇದನ್ನು ಕಂಡವರು ಅವುಗಳನ್ನು ದ್ವೇಷಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬ್ರಿಟಿಷರ ಕಾಲದಲ್ಲಿ ಅವನ್ನು ಹಾನಿಕರವಾದ ಪ್ರಾಣಿಗಳ ಪಟ್ಟಿಯಲ್ಲಿ ಬರೆದು, ಕೊಂದವರಿಗೆ ಬಹುಮಾನ ಕೊಡುತ್ತಿದ್ದರು. ಆದರೆ 1970ರ ದಶಕದಲ್ಲಿ ಎ. ಜೆ. ಟಿ. ಜಾನ್‌ಸಿಂಗ್ ಎಂಬ ವಿದ್ವಾಂಸರು ಬಂಡೀಪುರದಲ್ಲಿಯೇ ನಿಂತು ಈ ನಾಯಿಗಳ ಬಾಳನ್ನು ತಾಳ್ಮೆಯಿಂದ ನೋಡಿದರು; ಕೃಪಾಕರ ಮತ್ತು ಸೇನಾನಿ ಎಂಬ ಕನ್ನಡಿಗರು ಅದನ್ನು ಚಲನಚಿತ್ರದಲ್ಲಿ ಹಿಡಿದರು. ಹಿಂಡಿನವು ಬೇಟೆಯಿಂದ ಹಿಂದಿರುಗಿ, ನುಂಗಿದ ಮಾಂಸವನ್ನು ಗೂಡಿನ ಮರಿಗಳ ಮುಂದೆ ಕಕ್ಕಿ ಉಣಿಸುವವು. ಮರಿಗಳನ್ನು ಕಾಯುವ ತಾಯಿಗೂ ಪಾಲು ಉಂಟು. ಮರಿಗಳು ದೊಡ್ಡವಾಗಿ ಬೇಟೆಗೆ ಬಂದರೆ, ಹಸಿದ ಹಿರಿಯರು ಸರಿದು ನಿಂತು ಅವುಗಳಿಗೆ ಮೊದಲು ತಿನ್ನಗೊಡುವರು. ಒಂದೇ ಮೃಗದಲ್ಲಿ ನಮಗೆ ಅಸಹ್ಯವಾದದ್ದೂ ನಮಗೆ ಪಾಠವಾಗತಕ್ಕದ್ದೂ ಹೀಗೆ ಕೂಡಿಕೊಂಡಿವೆ.

ಕೊಲ್ಲುವವುಗಳಿಗೆ ಮಾತ್ರ ಇಂಥ ಸಾಧನಗಳಿವೆಯೆಂದು ತಿಳಿಯಬೇಡಿರಿ. ಸಾರಗವು ಮೂಗಿನಿಂದ ತಿಳಿಯುವದನ್ನು ಮರದ ಮೇಲಿನ ಮುಸುವವು ಕಣ್ಣಿನಿಂದ ತಿಳಿಯುವದು. ಮುಸುವಗಳು ಚಿಗುರನ್ನೂ ಕಾಯನ್ನೂ ಕೆಳಗೆ ಬೀಳಿಸಲು ಸಾರಗಗಳು ಅಲ್ಲಿ ಮೇಯುವವು. ಒಂದು ಕೂಗಿದರೆ ಎರಡೂ ಓಡುವವು. ಕಡವೆಯು ಹುಲಿಯನ್ನು ಕಂಡಾಗ ಬಾಲವನ್ನೆತ್ತಿ, ಮುಂಗಾಲಿನಿಂದ ನೆಲವನ್ನು ಒದ್ದು, ಕಾಡೆಲ್ಲಾ ಕೇಳುವಂತೆ ಕೂಗುವದು. ತನ್ನನ್ನು ಕಂಡುಬಿಟ್ಟರೆಂದು ತಿಳಿದ ಹುಲಿಯು ಬಹಳ ಸಾರಿ ಬೇಟೆಯನ್ನೇ ಬಿಟ್ಟುಹೋಗುವದು. ಸೀಳುನಾಯಿಗಳು ಅಟ್ಟಿಸಿಕೊಂಡು ಬಂದರೆ ಅದೇ ಕಡವೆಯು ಕೆರೆಯೊಳಗೆ ಇಳಿದು ನಿಲ್ಲುವದು. ಉದ್ದ ಕಾಲುಗಳುಳ್ಳ ಅದಕ್ಕೆ ನೆಲ ಸಿಕ್ಕುವಲ್ಲಿ ನಾಯಿಗಳು ಈಜಬೇಕಾಗುವದು. ಆನೆಗಳು ಅಪಾಯದಲ್ಲಿ ಮರಿಗಳನ್ನು ನಡುವೆ ಇಟ್ಟು ಸುತ್ತಲೂ ಗೋಡೆಯಂತೆ ನಿಲ್ಲುವವು. ಉಳುವವರಿಗೆಲ್ಲಾ ಪರಿಚಯವಾದ ಟಿಟ್ಟಿಭವನ್ನು ನೋಡಿರಿ: ಬಯಲಿನಲ್ಲಿ ಇಟ್ಟ ಮೊಟ್ಟೆಗಳು ಕಲ್ಲಿನ ಹರಳುಗಳಂತೆಯೇ ಇರುವವು, ಸಮೀಪಿಸಿದವನು ಮನುಷ್ಯನಾದರೂ ಎತ್ತಾದರೂ ಆ ಚಿಕ್ಕ ಪಕ್ಷಿ ಕೂಗುತ್ತಾ ತಲೆಯ ಮೇಲೆ ಎರಗುವದು. ಇವೆಲ್ಲದರ ಫಲವಾಗಿ ಹುಲಿಯ ಬೇಟೆಗಳಲ್ಲಿ ಹೆಚ್ಚಿನವು ನಿಷ್ಫಲವಾಗುವವು. ಹುಲಿಯು ಹಸಿದು ಮಲಗುವ ರಾತ್ರಿಗಳು ಬಹಳ. ಮುಳ್ಳುಹಂದಿಯ ಮೇಲೆ ಬಿದ್ದ ಹುಲಿಯ ಪಂಜದಲ್ಲಿ ಮುಳ್ಳುಗಳು ಮುರಿದು ಕೀವಾದರೆ, ಅದು ಜಿಂಕೆಯನ್ನು ಹಿಡಿಯಲಾರದೆ ಕುಂಟುತ್ತಾ ಊರಿನ ದನಗಳ ಕಡೆಗೆ ಬರುವದೂ ಉಂಟು.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಪಾಪವೆಂದರೇನು? ತಪ್ಪನ್ನು ತಪ್ಪೆಂದು ತಿಳಿಯುವ ಬುದ್ಧಿಯೂ, ಅದನ್ನು ಬಿಟ್ಟು ಬೇರೊಂದನ್ನು ಮಾಡುವ ಶಕ್ತಿಯೂ ಇದ್ದು, ಹಾಗಿದ್ದರೂ ತಪ್ಪನ್ನೇ ಆರಿಸಿಕೊಳ್ಳುವದು. ತೊಟ್ಟಿಲ ಕೂಸು ತಾಯಿಯ ಮುಖವನ್ನು ಪರಚಿದರೆ ಅದಕ್ಕೆ ಶಿಕ್ಷೆಯಿಲ್ಲ. ಬಿರುಗಾಳಿಯು ಬಾಳೆಯ ತೋಟವನ್ನು ಮಲಗಿಸಿದರೆ ಗಾಳಿಯ ಮೇಲೆ ಮೊಕದ್ದಮೆಯಿಲ್ಲ. ಹುಲಿಯು ಕೂಸಿಗಿಂತ ಬಲವುಳ್ಳದ್ದು, ಗಾಳಿಗಿಂತ ಬುದ್ಧಿಯುಳ್ಳದ್ದು. ಎಲ್ಲಿ ಅಡಗಬೇಕು, ಯಾವಾಗ ಎರಗಬೇಕು ಎಂಬದನ್ನು ಅದು ಬಲ್ಲದು. ಆದರೆ ಇದು ನನ್ನದು, ಅದು ಇನ್ನೊಬ್ಬನದು ಎಂಬ ಭೇದವನ್ನು ಅದು ಅರಿಯದು. ಗೋಮಾಳದ ಹಸುವಿಗೆ ಒಡೆಯನುಂಟು, ಕಾಡಿನ ಕಾಟಿಗೆ ಒಡೆಯನಿಲ್ಲ ಎಂದು ಅದಕ್ಕೆ ಹೇಳಿದವರಾರು?

ಪುಣ್ಯಕೋಟಿಯ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಆ ಹಾಡಿನಲ್ಲಿ ಹಸುವಿನ ಸತ್ಯವನ್ನು ಕಂಡ ಹುಲಿಯು ಮನಸ್ಸು ಕರಗಿ, ತಿನ್ನುವದನ್ನು ಬಿಟ್ಟು, ಹಾರಿ ಪ್ರಾಣವನ್ನೇ ಕಳೆದುಕೊಳ್ಳುವದು. ಕಥೆಯು ಮನುಷ್ಯರಿಗೆ ಸತ್ಯವನ್ನು ಕಲಿಸುವದಕ್ಕೆ ಹುಟ್ಟಿದ್ದು. ಅದರಲ್ಲಿ ಹುಲಿಗೂ ಮನಸ್ಸಾಕ್ಷಿಯನ್ನು ಕೊಟ್ಟಿದ್ದಾರೆ. ಆದರೆ ಕಥೆಗಾರನ ಅರಿವನ್ನು ಗಮನಿಸಿರಿ. ಮಾಂಸವನ್ನು ಬಿಟ್ಟ ಹುಲಿಯು ಹುಲ್ಲನ್ನು ಮೇಯುತ್ತಾ ಸುಖವಾಗಿ ಬಾಳಿತೆಂದು ಅವನು ಹೇಳಲಿಲ್ಲ. ಕೊಲ್ಲುವದನ್ನು ಬಿಟ್ಟ ಹುಲಿಗೆ ಉಳಿದದ್ದು ಸಾವೊಂದೇ. ಹಾಗಾದರೆ ನಿಜವಾದ ಹುಲಿಯನ್ನು ಪಾಪಿಯೆಂದು ಹೇಳುವವರು, ಅದು ಬದುಕಿರುವದೇ ಪಾಪವೆಂದು ಹೇಳಿದಂತಾಗುವದು. ಇದು ನ್ಯಾಯವಾದ ಮಾತಲ್ಲ.

ಕನಿಕರದಲ್ಲಿಯೂ ಇಂಥ ಪಕ್ಷಪಾತವಾದೀತು. ಸೀಳುನಾಯಿಗಳು ಸಾರಗವನ್ನು ಹಿಡಿಯುವದನ್ನು ಕಂಡ ಪ್ರಯಾಣಿಕರು ಗಲಭೆಮಾಡಿ ಅವನ್ನು ಓಡಿಸಿ, ಪುಣ್ಯದ ಕೆಲಸ ಮಾಡಿದೆವೆಂದು ಸಂತೋಷಪಡಬಹುದು. ಗಾಯಪಟ್ಟ ಸಾರಗವು ಪೊದೆಯಲ್ಲಿ ನರಳಿ ಸಾಯುವದು. ನಾಯಿಯ ಮರಿಗಳು ಗೂಡಿನಲ್ಲಿ ಹಸಿದಿರುವವು. ಹಿಂಡು ಸಂಜೆಗೆ ಮತ್ತೊಂದನ್ನು ಹಿಡಿಯುವದು. ಕಣ್ಣೆದುರಿಗಿನ ನೋವನ್ನು ಮಾತ್ರ ಎಣಿಸುವ ಕನಿಕರವು ಕಾಣದ ನೋವನ್ನು ಹೆಚ್ಚಿಸುವದೆಂಬದಕ್ಕೆ ಇದೇ ದೃಷ್ಟಾಂತ.

ಇಲ್ಲಿ ಒಬ್ಬ ವಾಚಕನು ನಮ್ಮನ್ನು ತಡೆದು, “ಹುಲಿಗೆ ಪಾಪವಿಲ್ಲವೆಂದು ನೀವು ಹೇಳಿಬಿಟ್ಟರೆ ನನ್ನ ಹಸು ಎದ್ದು ಬರುವದೋ? ಹೊಲಕ್ಕೆ ಹೋದ ನನ್ನ ತಮ್ಮನು ಮನೆಗೆ ಬರುವನೋ?” ಎಂದು ಕೇಳಿದರೆ ಆ ಮಾತನ್ನು ನಾವು ಹಗುರವಾಗಿ ಎಣಿಸುವದಿಲ್ಲ. ತಪ್ಪಿಲ್ಲದವನಿಂದಲೂ ನಷ್ಟವಾಗುವದುಂಟು, ನಷ್ಟವು ಅದರಿಂದ ಕಡಿಮೆಯಾಗದು. ಪಾಪವಿಲ್ಲವೆಂಬ ಕಾರಣದಿಂದ ಅಪಾಯವನ್ನು ಸಹಿಸಿಕೊಂಡೇ ಇರಬೇಕೆಂದೂ ಅರ್ಥವಲ್ಲ. 2019ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯ ಸುತ್ತಿನಲ್ಲಿ ಒಂದು ಹುಲಿಯಿಂದ ಇಬ್ಬರು ಪ್ರಾಣ ಕಳೆದುಕೊಂಡರು. ಸಾಕಾನೆಗಳನ್ನು ತಂದು, ದಿನಗಟ್ಟಲೆ ಹುಡುಕಿ, ಅರಿವಳಿಕೆಯ ಮದ್ದನ್ನು ಹೊಡೆದು, ಅದನ್ನು ಜೀವಸಹಿತವಾಗಿ ಹಿಡಿದು ಮೈಸೂರಿಗೆ ಒಯ್ದರು. ಊರಿನ ಭಯ ತೀರಿತು. ಆ ಕೆಲಸದಲ್ಲಿ ದ್ವೇಷವು ಬೇಕಾಗಿರಲಿಲ್ಲ. ಪ್ರವಾಹಕ್ಕೆ ಒಡ್ಡು ಹಾಕುವವನು ನೀರನ್ನು ಶಪಿಸಬೇಕಾಗಿಲ್ಲವಲ್ಲಾ! ಅಪಾಯವನ್ನು ತೆಗೆದುಹಾಕುವದು ಒಂದು, ಹಗೆ ತೀರಿಸಿಕೊಳ್ಳುವದು ಇನ್ನೊಂದು. ಮೊದಲನೆಯದು ಅಪಾಯ ಹೋದಲ್ಲಿಗೆ ನಿಲ್ಲುವದು. ಎರಡನೆಯದಕ್ಕೆ ನಿಲ್ಲುವ ಸ್ಥಳವಿಲ್ಲ.

ಇದನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಮೃಗದ ಕೊಲೆಗೆ ಅದರ ಶರೀರವೇ ಎಲ್ಲೆ ಹಾಕಿದೆ. ಹುಲಿಯ ಉಗುರು ಎಷ್ಟು ದೂರ ಚಾಚುವದೋ ಅಷ್ಟೇ ಅದರ ಅಧಿಕಾರ. ಹೊಟ್ಟೆ ತುಂಬಿದ ಮೇಲೆ ಸಾಧಾರಣವಾಗಿ ಅದು ಮಲಗುವದು. ಮನುಷ್ಯನಿಗೆ ಉಗುರಿಲ್ಲ, ಕೋರೆಯಿಲ್ಲ, ಓಟದಲ್ಲಿಯೂ ಜಿಂಕೆಗೆ ಸಮಾನನಲ್ಲ. ಅವನಿಗೆ ಕೈಯೂ ಬುದ್ಧಿಯೂ ಕೊಡಲ್ಪಟ್ಟಿವೆ. ಇವುಗಳಿಗೆ ಹೊರಗಿನ ಎಲ್ಲೆಯಿಲ್ಲ. ಒಂದು ಹಿಡಿ ವಿಷವನ್ನು ಹೆಣದ ಮೇಲೆ ಚೆಲ್ಲಿದವನು ಮನೆಯಲ್ಲಿ ಮಲಗಿರುವಾಗ ಆ ವಿಷವು ಎಚ್ಚರವಾಗಿರುವದು. ಅದು ತಪ್ಪಿತಸ್ಥನಾರೆಂದು ವಿಚಾರಿಸದು. ಹಸುವನ್ನು ಕೊಂದ ಹುಲಿಗೂ, ಯಾವದನ್ನೂ ಕೊಲ್ಲದ ಮರಿಗೂ, ನರಿಗೂ, ಹದ್ದಿಗೂ, ಊರಿನ ನಾಯಿಗೂ ಒಂದೇ ತೀರ್ಪು ಕೊಡುವದು. ಹೂಗ್ಯದಲ್ಲಿ ಸತ್ತ ನಾಲ್ಕು ಮರಿಗಳು ಯಾರ ಕೊಟ್ಟಿಗೆಗೆ ಬಂದಿದ್ದವು?

ಹೆಣದಲ್ಲಿರುವ ವಿಷವು ಎಷ್ಟು ದೂರ ಹೋಗುವದೆಂಬದಕ್ಕೆ ರಣಹದ್ದುಗಳೇ ಸಾಕ್ಷಿ. ಮೊದಲು ಸತ್ತ ದನವನ್ನು ಊರಾಚೆ ಎಸೆದರೆ ಒಂದೆರಡು ಗಂಟೆಯೊಳಗೆ ಅವು ಬಂದು ಎಲುಬು ಮಾತ್ರ ಬಿಡುತ್ತಿದ್ದವು. ಕೊಳೆತ ಮಾಂಸದ ರೋಗಬೀಜಗಳನ್ನೂ ಜೀರ್ಣಿಸತಕ್ಕಷ್ಟು ತೀಕ್ಷ್ಣವಾದ ಆಮ್ಲವು ಅವುಗಳ ಹೊಟ್ಟೆಯಲ್ಲಿದೆ. ಅಂಥ ಹೊಟ್ಟೆಯುಳ್ಳ ಪಕ್ಷಿಗಳು ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಒಂದು ಔಷಧದಿಂದ ಮೂತ್ರಪಿಂಡ ಕೆಟ್ಟು ಸತ್ತವು. 1990ರ ದಶಕದಿಂದೀಚೆಗೆ ಹಿಂದೂದೇಶದಲ್ಲಿ ಮೂರು ಜಾತಿಯ ರಣಹದ್ದುಗಳು ನೂರಕ್ಕೆ 95ಕ್ಕಿಂತ ಹೆಚ್ಚಾಗಿ ಅಳಿದವು. 2006ರಲ್ಲಿ ಸರಕಾರವು ದನಗಳಿಗೆ ಆ ಔಷಧವನ್ನು ಕೊಡುವದನ್ನು ನಿಷೇಧಿಸಿತು. ಅದನ್ನು ಕೊಟ್ಟವರಿಗೆ ಹದ್ದಿನ ಮೇಲೆ ಹಗೆಯಿರಲಿಲ್ಲ, ದನದ ಮೇಲೆ ಪ್ರೀತಿಯಿತ್ತು. ಒಳ್ಳೇ ಮನಸ್ಸಿನಿಂದ ಕೊಟ್ಟದ್ದೇ ಹೀಗೆ ಹರಡಿದರೆ, ಕೆಟ್ಟ ಮನಸ್ಸಿನಿಂದ ಇಟ್ಟದ್ದು ಎಲ್ಲಿಗೆ ನಿಂತೀತು?

ಬೇಲಿಗೆ ನೇರವಾಗಿ ಮನೆಯ ವಿದ್ಯುತ್ತನ್ನು ಹರಿಸುವದೂ ಇದೇ ಜಾತಿಯ ಕೆಲಸ. ಅದು ಹಂದಿಯನ್ನು ಕೊಲ್ಲುವದಕ್ಕೆ ಕಟ್ಟಿದ್ದಾದರೂ ಆನೆಯನ್ನೂ, ಕತ್ತಲಲ್ಲಿ ನೀರು ಕಟ್ಟಲು ಹೋದ ನೆರೆಯವನನ್ನೂ ಬಿಡುವದಿಲ್ಲ. 2023ರ ಫೆಬ್ರವರಿಯಲ್ಲಿ ಬಂಡೀಪುರದ ಅಂಚಿನಲ್ಲಿ ಒಂದು ಹೆಣ್ಣಾನೆಯು ಇಂಥ ತಂತಿಯನ್ನು ತಗಲಿ ಬಿದ್ದುಹೋಯಿತು. ಆನೆಯು ಬಹಳ ಹೊತ್ತು ಮಗ್ಗುಲಾಗಿ ಬಿದ್ದಿದ್ದರೆ ತನ್ನ ಭಾರದಿಂದಲೇ ಅದಕ್ಕೆ ಉಸಿರಾಟ ಕಷ್ಟವಾಗುವದು. ಅರಣ್ಯದ ಸಿಬ್ಬಂದಿಯೂ ಪಶುವೈದ್ಯರೂ ತಡಮಾಡದೆ ಶುಶ್ರೂಷೆ ಮಾಡಿದ್ದರಿಂದ ಅದು ಎದ್ದು ಕಾಡಿಗೆ ಹೋಯಿತು. ಕೊಲ್ಲುವ ತಂತಿಯನ್ನು ಕಟ್ಟಿದ್ದು ಮನುಷ್ಯನ ಕೈ. ಬಿದ್ದದ್ದನ್ನು ಎಬ್ಬಿಸಿದ್ದೂ ಮನುಷ್ಯನ ಕೈ. ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಶಕ್ತಿ ಹುಲಿಗಿಲ್ಲ, ಆನೆಗಿಲ್ಲ, ನಮಗುಂಟು. ಆದದರಿಂದಲೇ ಪಾಪಪುಣ್ಯಗಳೆಂಬ ಮಾತುಗಳು ನಮಗೆ ಸಲ್ಲುವವು, ಮೃಗಗಳಿಗೆ ಸಲ್ಲವು.

ಇಷ್ಟು ಹೇಳಿ ಹಳ್ಳಿಯವರಿಗೆ ಮಾತ್ರ ಬುದ್ಧಿಹೇಳಿ ನಿಲ್ಲಿಸಿದರೆ ನಾವು ಅನ್ಯಾಯ ಮಾಡಿದಂತಾಗುವದು. ದೂರದ ಪಟ್ಟಣದವರು ಬೆಳಿಗ್ಗೆ ವಾಹನದಲ್ಲಿ ಬಂದು ಹುಲಿಯನ್ನು ನೋಡಿ ಆನಂದಿಸಿ ಸಂಜೆಗೆ ಹೋಗುವರು. ಅದೇ ಹುಲಿಯು ರಾತ್ರಿ ಬರುವದು ಹಂಗಳದವನ ಕೊಟ್ಟಿಗೆಗೆ, ಅದೇ ಆನೆಯು ತುಳಿಯುವದು ಬೇರಂಬಾಡಿಯವನ ಬೆಳೆಯನ್ನು. ಆನಂದವು ಎಲ್ಲರದು, ನಷ್ಟವು ಒಬ್ಬನದು ಎಂಬ ಏರ್ಪಾಟು ಬಹಳ ದಿನ ನಿಲ್ಲಲಾರದು. 2025ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಹುಲಿಯನ್ನು ಹಿಡಿಯಲು ತಡವಾಯಿತೆಂದು ಸಿಟ್ಟಾದ ಜನರು ಅರಣ್ಯದ ಸಿಬ್ಬಂದಿಯನ್ನೇ ಹುಲಿಯ ಬೋನಿನಲ್ಲಿ ಕೂಡಿದರು. ಆ ಕೃತ್ಯವನ್ನು ನಾವು ಮೆಚ್ಚುವದಿಲ್ಲ. ಬೋನಿನೊಳಗಿದ್ದವರೂ ಸಂಬಳಕ್ಕೆ ದುಡಿಯುವ ಬಡವರ ಮಕ್ಕಳೇ. ಆದರೆ ಆ ಸಿಟ್ಟಿನ ಹಿಂದಿದ್ದ ಭಯವನ್ನು ಕೇಳದೆ ಇದ್ದವರಿಗೂ ಅದರಲ್ಲಿ ಪಾಲುಂಟು.

ಹೊರೆಯನ್ನು ಹಂಚಿಕೊಳ್ಳುವದು ಸಾಧ್ಯವೆಂಬದಕ್ಕೆ ಒಂದು ದೃಷ್ಟಾಂತ ನಮ್ಮ ಕಣ್ಣೆದುರಿಗೇ ಇದೆ. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6ರ ವರೆಗೆ ಸಾಮಾನ್ಯ ವಾಹನಗಳ ಸಂಚಾರವನ್ನು ನಿಲ್ಲಿಸಿದ್ದಾರೆ. ದೂರ ಹೋಗುವ ವ್ಯಾಪಾರಿಗಳಿಗೂ ಪ್ರಯಾಣಿಕರಿಗೂ ಇದರಿಂದ ತೊಂದರೆ ಇಲ್ಲವೆಂದಲ್ಲ. ಮೃಗಗಳ ಪ್ರಾಣಕ್ಕಾಗಿ ಪರಊರಿನವರೂ ಏನಾದರೂ ಬಿಟ್ಟುಕೊಟ್ಟಿದ್ದಾರೆ. ಹಾಗೆಯೇ ಸತ್ತ ಹಸುವಿನ ಬೆಲೆಯು ತಡವಿಲ್ಲದೆ ರೈತನ ಕೈಸೇರುವದೂ, ಆನೆಕಂದಕವು ಕುಸಿದಲ್ಲಿ ಮಳೆಗಾಲಕ್ಕೆ ಮುಂಚೆ ಸರಿಯಾಗುವದೂ ಕನಿಕರದ ಧರ್ಮವಲ್ಲ, ಸಾಲದ ತೀರುವಳಿ. ಯಾಕಂದರೆ ಆ ಹಸುವು ಎಲ್ಲರ ಕಾಡಿನ ಲೆಕ್ಕದಲ್ಲಿ ಸತ್ತಿದೆ.

ಕಾಡಿನಿಂದ ರೈತನಿಗೆ ಬರೀ ನಷ್ಟವೇ ಎಂದೂ ಹೇಳಲಾಗದು. ಚಾಮರಾಜನಗರದ ಸಮೀಪದಲ್ಲಿ ಬಹುಕಾಲ ವಾಸಿಸಿ ಆನೆಗಳನ್ನು ಹಿಡಿಯಿಸಿದ ಸ್ಯಾಂಡರ್ಸನ್ ಎಂಬ ದೊರೆಯು 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ಬೆಳೆ ತಿನ್ನುವ ಹಂದಿ ಜಿಂಕೆಗಳನ್ನು ಹುಲಿಯು ಕಡಿಮೆಮಾಡಿ ರೈತನಿಗೆ ಉಪಕಾರ ಮಾಡುವದೆಂದು ವಾದಿಸಿದನು. ಅವನು ಬೇಟೆಗಾರನು, ಹುಲಿಗಳನ್ನು ಕೊಂದವನೇ. ಆದರೂ ಕಂಡ ಸತ್ಯವನ್ನು ಮರೆಮಾಡಲಿಲ್ಲ. ಹಂದಿಯ ಹಿಂಡು ರಾಗಿಯ ಹೊಲವನ್ನು ಉತ್ತಂತೆ ಮಾಡಿದ ಬೆಳಿಗ್ಗೆ ಈ ಮಾತನ್ನು ನೆನಸಿಕೊಳ್ಳಬಹುದು.

ಹಾಗಾದರೆ ಕಾಡಂಚಿನವನು ಮಾಡತಕ್ಕದ್ದೇನು? ರಾತ್ರಿ ದನಗಳನ್ನು ಬಯಲಿನಲ್ಲಿ ಬಿಡದೆ ಭದ್ರವಾದ ಕೊಟ್ಟಿಗೆಯಲ್ಲಿ ಕಟ್ಟಲಿ. ಮೇಯಿಸಲು ಕಾಡಿನೊಳಗೆ ಹುಡುಗರನ್ನು ಒಂಟಿಯಾಗಿ ಕಳುಹಿಸದಿರಲಿ. ಹುಲಿಯ ಹೆಜ್ಜೆಯನ್ನು ಕಂಡರೆ ಗುಂಪುಕೂಡಿ ಬೆನ್ನಟ್ಟದೆ ಅರಣ್ಯದವರಿಗೆ ತಿಳಿಸಲಿ. ಅವರು ಬಾರದಿದ್ದರೆ ಊರೆಲ್ಲಾ ಕೂಡಿ ಬರವಣಿಗೆಯಲ್ಲಿ ಕೇಳಲಿ, ಮತ್ತೆ ಮತ್ತೆ ಕೇಳಲಿ. ನ್ಯಾಯವನ್ನು ಗಟ್ಟಿಯಾಗಿ ಕೇಳುವದು ದೋಷವಲ್ಲ. ನೆರೆಯವನ ಹಸು ಸತ್ತ ದಿನ ಉಳಿದವರು ಅವನ ಮನೆಗೆ ಹೋಗಿ ಕೂತುಕೊಂಡು, ಅರ್ಜಿ ಬರೆಯಲು ನೆರವಾಗಿ, ಮಕ್ಕಳಿಗೆ ಒಂದು ಚೊಂಬು ಹಾಲನ್ನು ಕೊಡಲಿ. ಯಾಕಂದರೆ ವಿಷದ ಯೋಚನೆಯು ಒಂಟಿಯಾಗಿ ಕೂತವನ ಮನಸ್ಸಿನಲ್ಲಿ ಆ ರಾತ್ರಿಯೇ ಹುಟ್ಟುವದು. ಒಬ್ಬನಾದರೂ ಬಂದು ಅವನ ಪಕ್ಕದಲ್ಲಿ ಕೂತಿದ್ದರೆ ಎಷ್ಟೋ ಕೇಡುಗಳು ಬೆಳಗಾಗುವದರೊಳಗೆ ತೀರಿಹೋಗುವವು.

ಮೃಗಕ್ಕೆ ಪಾಪವಿಲ್ಲವೆಂದು ಒಪ್ಪುವದರಿಂದ ನಮ್ಮ ಭಾರವು ಹಗುರವಾಗದೆ ಹೆಚ್ಚಾಗುವದು. ಅದರ ಪಾಲಿನ ವಿವೇಕವನ್ನೂ ನಾವೇ ಹೊರಬೇಕಾಗಿದೆ. ಹುಲಿಯು ಈ ರಾತ್ರಿಯೂ ಹುಲಿಯಾಗಿಯೇ ಬರುವದು. ಕೊಟ್ಟಿಗೆಯ ಬಾಗಿಲನ್ನು ಭದ್ರಮಾಡಿ, ವಿಷದ ಡಬ್ಬಿಯನ್ನು ಮುಟ್ಟದೆ, ನೆರೆಯವನ ಮನೆಯ ಕಡೆಗೆ ಕಿವಿಗೊಟ್ಟು ಮಲಗುವದು ಮನುಷ್ಯರಾದ ನಮಗೆ ಬಿಟ್ಟದ್ದು.